ಒಲೆಗೊಂದು ಮೊರ

ಶೇಂಗಾ ಕೂಡಿಡುವ ವಖಾರಿಯ ಬಾಗಿಲಲ್ಲಿ ನಿಂತು ನನ್ನ ಅಕ್ಕನ ಪರವಾಗಿ ಒಂದು ಖರೆ ಮಾತು ಹೇಳಬೇಕಿತ್ತು. ಹೇಳಲಿಲ್ಲ. ಬಾಯಿ ಮುಚ್ಚಿಕೊಂಡು ಸುಮ್ಮನೆ ನಿಂತಿದ್ದರೂ ಅದು ಇಷ್ಟು ವರ್ಷ ನನ್ನನ್ನು ಕಾಡುತ್ತಿರಲಿಲ್ಲವೇನೋ. ಕೇಳಿದವರಿಗೆ ನಾಲ್ಕು ಜನರೆದುರು ಸುಳ್ಳನ್ನೇ ಹೇಳಿದೆ. ಅಕ್ಕನಿಗೆ ಸಿಗಬೇಕಾಗಿದ್ದ ಕೆಲಸ ತಪ್ಪಿತು. ನನಗೆ ಮಾತ್ರ ಒಳ್ಳೆಯವಳೆಂಬ ಹೆಸರು ಬಂತು.

ನಾನು ಮೂರನೆಯ ಇಯತ್ತೆಯವರೆಗೆ ಶಾಲೆಗೆ ಹೋದವಳು. ಅಂಗಡಿಯ ಚೀಟಿ ಓದುವುದು, ಊರಿಗೆ ಒಂದು ಕಾರ್ಡು ಬರೆಯುವುದು, ಇಷ್ಟೇ ನನ್ನ ರೂಢಿ. ಹೀಗೆ ಕೂತು ಬರೆಯುವ ಮನಸ್ಸಾಗಿದ್ದು ಹೋದ ತಿಂಗಳು. ಇಲ್ಲೇ ಬೆಟಗೇರಿಯಲ್ಲಿ ನೆಂಟರೊಬ್ಬರ ಮನೆಯ ಬಸುರಿಯ ಕುಬಸದ ಕಾರ್ಯಕ್ಕೆ ಅಕ್ಕ, ನಾನು ಇಬ್ಬರೂ ಹೋಗಿದ್ದೆವು. ಅಕ್ಕನನ್ನು ಸ್ಟೇಷನ್ನಿನಿಂದ ಕರೆದುಕೊಂಡು ನಡೆದು ಬರುವಾಗ ಹಾದಿಯಲ್ಲೊಂದು ಚುರುಮುರಿ ಭಟ್ಟಿ. ಅದರ ಒಲೆಗೆ ಶೇಂಗಾದ ಹೊಟ್ಟು ಸುರಿಯುತ್ತಿದ್ದರು. ಹೊಟ್ಟಿನ ಹೊಗೆ ಬೇರೆ ಯಾವ ಹೊಗೆಯ ಹಾಗೂ ಇರುವುದಿಲ್ಲ. ಸ್ವಲ್ಪ ಸಿಹಿ, ಸ್ವಲ್ಪ ಎಣ್ಣೆ, ಕಣ್ಣಿಗೆ ಮಾತ್ರ ಬಲು ಖಾರ. ಅಕ್ಕ ನಡುಹಾದಿಯಲ್ಲಿ ನಿಂತು ಮೂಗರಳಿಸಿದಳು.

"ಲೇ ನೀಲಿ, ನನ್ನ ಒಲಿ ವಾಸನಿ ಬಂತು ನೋಡ."

"ಹೌದಬೇ ಅಕ್ಕಾ, ನಿಂದ ಒಲಿ," ಎಂದೆ.

ಅಷ್ಟೇ. ಇಬ್ಬರಿಗೂ ತಡೆಯಲಾರದ ನಗು ಬಂತು. ಅಕ್ಕ ಗೋಡೆ ಹಿಡಿದುಕೊಂಡು ನಕ್ಕಳು. ಜೊತೆಯಲ್ಲಿದ್ದ ಹುಡುಗಿಯರು, ಈ ಮುದುಕಿಯರಿಗೆ ಏನಾಯಿತು ಎಂಬಂತೆ ನೋಡುತ್ತಿದ್ದರು. ಅವರಿಗೆ ಏನು ಗೊತ್ತು, ಆ ಒಲೆಯ ಹೆಸರು ಬಂದರೆ ಒಂದು ಕಾಲಕ್ಕೆ ನಾನು ಮಾತು ತಿರುಗಿಸಿ ಎದ್ದು ಹೋಗುತ್ತಿದ್ದೆ ಎಂದು.

ಸ್ವಾತಂತ್ರ್ಯ ಬಂದ ವರ್ಷದ ಶೇಂಗಾ ಸುಗ್ಗಿ ಅದು. ನಮ್ಮ ತವರು ಯಳವತ್ತಿ. ಅಕ್ಕ ಚನ್ನವ್ವನನ್ನು ಸೊರಟೂರಿಗೆ ಕೊಟ್ಟಿದ್ದರು, ನನ್ನನ್ನು ಬೆಟಗೇರಿಗೆ. ನನ್ನ ಗಂಡ ಗದಗಿನ ಹತ್ತಿ ಗಿರಣಿಯಲ್ಲಿ ದುಡಿಯುತ್ತಿದ್ದರು. ಹತ್ತಿ ಬರುವುದು ಸಂಕ್ರಾಂತಿಯ ಆಚೆ. ಅಲ್ಲಿಯವರೆಗೆ ಗಿರಣಿ ಬಂದ್. ಆ ತಿಂಗಳುಗಳಲ್ಲಿ ಮನೆ ನಡೆಯುತ್ತಿದ್ದುದು ನನ್ನ ಹಂಗಾಮಿನ ಕೆಲಸದಿಂದ. ದೀಪಾವಳಿ ಮುಗಿಯುತ್ತಲೇ ಸುತ್ತಲಿನ ಹಳ್ಳಿಗಳಿಂದ ಶೇಂಗಾದ ಬಂಡಿಗಳು ಬಂದು ವಖಾರಿಗಳ ಮುಂದೆ ಸಾಲುಗಟ್ಟುತ್ತಿದ್ದವು. ಒಡೆದ ಕಾಳಿನಿಂದ ಹರಳು, ಮುಕ್ಕು, ಸುಕ್ಕುಗಾಳು ಬೇರೆ ಮಾಡಿ ಹಸನು ಮಾಡಲು ಹೆಂಗಸರು ಬೇಕು. ಸುಗ್ಗಿ ಇರುವತನಕ ಕೆಲಸ, ಕಡೆಯ ಚೀಲ ಹೊಲಿದ ದಿನ ಎಲ್ಲರೂ ಮನೆಗೆ.

ಆ ಹಂಗಾಮಿಗೆ ಸರಿಯಾಗಿ ಅಕ್ಕ, ಭಾವ ಫಕೀರಪ್ಪನವರು ನಮ್ಮ ಮನೆಗೆ ಬಂದರು. ಸೊರಟೂರ ಹಳ್ಳದ ಇಳಿಜಾರಿನಲ್ಲಿ ಹೇರಿದ ಬಂಡಿ ಉರುಳಿ ಭಾವನ ಕಾಲು ಮುರಿದಿತ್ತು. ಎಲುಬು ಕಟ್ಟುವವರು ಬೆಟಗೇರಿಯಲ್ಲಿದ್ದರು. ವಾರವಾರ ಬಿಚ್ಚಿ ಕಟ್ಟಬೇಕು, ಹೋಗಿಬಂದು ಮಾಡುವುದು ಆಗದು. ಹಿತ್ತಲಿನ ಚಪ್ಪರದಲ್ಲಿ ಭಾವನ ಹಾಸಿಗೆ ಹಾಸಿದೆವು. ಅಕ್ಕನಿಗೆ ಒಂದೇ ಚಿಂತೆ. ಭಾವ ನೆಟ್ಟಗೆ ನಿಲ್ಲುವತನಕ ತನ್ನದೊಂದು ದುಡಿಮೆ ಬೇಕು. ಯಾರ ಮನೆಯಲ್ಲೂ ಕೈಚಾಚಿ ಕೂತವಳಲ್ಲ ಆಕೆ.

ಆಗ ಧಾನ್ಯಕ್ಕೆ ರೇಷನ್ ಕಾರ್ಡಿನ ಕಾಲ. ನಮ್ಮ ಕಾರ್ಡಿನಲ್ಲಿ ಇವರ ಹೆಸರಿಲ್ಲ. ನನಗೆ ಜೋಳದ ಗಡಿಗೆಯ ತಳ ಕಾಣಿಸತೊಡಗಿತು. ಅತ್ತೆ, "ಇನ್ನೊಂದೆರಡು ರೊಟ್ಟಿ ಬಡದ್ರ ಆತು," ಎಂದಿದ್ದರು. ನಾನೇ ಕೇಳಲಿಲ್ಲ. ಒಂದು ಬೆಳಿಗ್ಗೆ ಅಕ್ಕನ ಹತ್ತಿರ ಹೋಗಿ, ಭಾವನಿಗೆ ಪಥ್ಯದ ಅಡುಗೆ ಬೇಕಲ್ಲ, ನೀನೇ ಬೇರೆ ಮಾಡಿಕೊಂಡರೆ ಅನುಕೂಲ ಎಂದು ಮೆತ್ತಗೆ ಹೇಳಿದೆ. ಅಕ್ಕ ನನ್ನ ಮುಖ ನೋಡಿದಳು. ಹೋಗಿ ಎಲ್ಲಿಂದಲೋ ಮೂರು ಕಲ್ಲು ಹೊತ್ತು ತಂದಳು. ಅಂದು ಸಂಜೆ ಹಿತ್ತಲಿನಲ್ಲಿ ಎರಡನೆಯ ಹೊಗೆ ಎದ್ದಿತು.

ಅತ್ತೆ ಅದನ್ನು ನೋಡುತ್ತ ಹೇಳಿದ್ದು ಒಂದೇ ಮಾತು. "ಮೂರು ಕಲ್ಲಿಗೆ ಜಾಗಾ ಸಿಕ್ಕತು, ಎರಡು ರೊಟ್ಟಿಗೆ ಸಿಗಲಿಲ್ಲ."

ನಾನು ಹೋಗುತ್ತಿದ್ದ ವಖಾರಿಯಲ್ಲಿ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಮುಕಾದಮಳು ದ್ಯಾಮಕ್ಕ. ಎತ್ತರದ ಆಳು, ದವಡೆಯಲ್ಲಿ ಸದಾ ತಂಬಾಕು, ದನಿ ಮಾತ್ರ ಮೆತ್ತಗೆ. ಅಲ್ಲಿ ಹಾಜರಿ ಕೂಗುವ ಪದ್ಧತಿ ಇರಲಿಲ್ಲ. ಪ್ರತಿಯೊಬ್ಬಳೂ ಮನೆಯಿಂದ ತನ್ನ ಮೊರ ತರಬೇಕು. ದ್ಯಾಮಕ್ಕ ಅದನ್ನು ಸಾಲಿನಲ್ಲಿ ಕವುಚಿ ಇಟ್ಟಳೆಂದರೆ ಆ ಜಾಗ ಸುಗ್ಗಿ ಮುಗಿಯುವತನಕ ನಿನ್ನದು. ಸಂಜೆ ಹೋಗುವಾಗ ಮೊರ ಅಲ್ಲೇ ಕವುಚಿ ಬರುವುದು, ಬೆಳಿಗ್ಗೆ ಎತ್ತಿಕೊಂಡು ಕೂಡುವುದು. ಇನ್ನೊಬ್ಬರ ಕವುಚಿದ ಮೊರವನ್ನು ಯಾರೂ ಮುಟ್ಟುತ್ತಿರಲಿಲ್ಲ.

ಆ ವರ್ಷ ಕೆಲಸ ಕೇಳುವವರು ಬಹಳ. ನಿಜಾಮನ ಸೀಮೆಯಲ್ಲಿ ಗದ್ದಲವೆದ್ದು, ಜನ ಮುಂಡರಗಿಯ ಮೇಲೆ ಹಾದು ಗದಗಿಗೆ ಬರುತ್ತಿದ್ದರು. ತಲೆಯ ಮೇಲೆ ಗಂಟು, ಬಗಲಲ್ಲಿ ಕೂಸು. ಅವರೂ ವಖಾರಿಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಅದಕ್ಕೆ ದ್ಯಾಮಕ್ಕ ಒಂದು ಕಟ್ಟು ಮಾಡಿದಳು: ಒಲೆಗೊಂದು ಮೊರ. ಒಂದು ಒಲೆಯ ಮೇಲೆ ಉಣ್ಣುವ ಮನೆಯಿಂದ ಒಬ್ಬಳಿಗೆ ಮಾತ್ರ ಕೆಲಸ. ಒಂದೇ ಮನೆಯ ಅತ್ತೆ, ಸೊಸೆ, ನಾದಿನಿ ಸಾಲುಹಿಡಿದು ಕೂತು ಉಳಿದವರು ಉಪವಾಸ ಬೀಳಬಾರದೆಂಬುದು ಅವಳ ನ್ಯಾಯ. ಯಾರೂ ಎದುರು ಮಾತಾಡಲಿಲ್ಲ. ನ್ಯಾಯ ಸರಿಯಾಗಿಯೇ ಇತ್ತು.

ಸರಿಯಾಗಿ ನೋಡಿದರೆ ಅಕ್ಕನಿಗೆ ಅದರಿಂದ ಅಡ್ಡಿಯೇ ಇರಲಿಲ್ಲ. ಅವಳ ಒಲೆ ಬೇರೆ, ಅವಳ ಮೊರ ಬೇರೆ. ಅಕ್ಕ ಹಿಂದಿನ ದಿನವೇ ಮೊರಕ್ಕೆ ನೆನೆಸಿದ ಮೆಂತ್ಯ ಅರೆದು ಬಳಿದು ಒಣಗಿಸಿದ್ದಳು. ಎಳೆಬಿಸಿಲಿನಲ್ಲಿ ಅದು ಹಳದಿಯಾಗಿ ಹೊಳೆಯುತ್ತಿತ್ತು. ಹಾದಿಯುದ್ದಕ್ಕೂ ಅದನ್ನು ಎದೆಗವುಚಿಕೊಂಡು ಬಂದು, ಹೊರಗಿನ ಬೇವಿನ ಮರದ ಕೆಳಗೆ ನಿಂತಳು. ಒಳಗಿದ್ದವರ ಪೈಕಿ ಯಾರಾದರೂ ಹೇಳಿದ ಮೇಲೆಯೇ ಹೊಸಬರನ್ನು ಕರೆಯುವುದು ರೂಢಿ. ಹೇಳಬೇಕಾದವಳು ನಾನು.

ಹೇಳಿದೆ. ಅಕ್ಕ ಬಂದಿದ್ದಾಳೆ, ಭಾವನ ಕಾಲು ಮುರಿದಿದೆ, ಕೈ ಚುರುಕು ಎಂದೆಲ್ಲ ಹೇಳಿದೆ. ದ್ಯಾಮಕ್ಕ ತಂಬಾಕು ಪಕ್ಕಕ್ಕೆ ಸರಿಸಿ ಎಲ್ಲರನ್ನೂ ಕೇಳಿದಂತೆಯೇ ನನ್ನನ್ನೂ ಕೇಳಿದಳು.

"ಮನಿಯೊಳಗ ಎಷ್ಟು ಒಲಿ ಅದಾವ ನೀಲವ್ವಾ?"

ನನ್ನ ಓಣಿಯವರು ಅಲ್ಲೇ ಕೂತಿದ್ದರು. ಯಳವತ್ತಿಯಿಂದ ಬಂದು ಬೆಟಗೇರಿ ಸೇರಿದ ಒಬ್ಬಾಕೆಯೂ ಇದ್ದಳು. ಎರಡು ಎಂದರೆ ಸಂಜೆಯೊಳಗೆ ತವರಿಗೆ ಸುದ್ದಿ ಮುಟ್ಟುತ್ತದೆ: ಕಾಲು ಮುರಿದ ಗಂಡನನ್ನು ಕಟ್ಟಿಕೊಂಡು ಬಂದ ಅಕ್ಕನಿಗೆ ನೀಲಿ ಹಿತ್ತಲಿನಲ್ಲಿ ಮೂರು ಕಲ್ಲು ಹಾಕಿಕೊಟ್ಟಳಂತೆ. ನಾಲಿಗೆ ತಾನಾಗಿಯೇ ತಿರುಗಿತು.

"ಒಂದ ಒಲಿರಿ. ಒಡಹುಟ್ಟಿದ ಅಕ್ಕ ಬಂದಾಗ ಬ್ಯಾರೆ ಒಲಿ ಹೂಡ್ತೀವೇನ್ರಿ?"

ಹೆಂಗಸರು ಮೆಚ್ಚಿಕೊಂಡರು. ಅಕ್ಕತಂಗಿ ಅಂದರೆ ಹೀಗಿರಬೇಕು ಎಂದು ಒಬ್ಬಳು ಅಂದಳು. ದ್ಯಾಮಕ್ಕ ತಲೆದೂಗಿ, ಹಾಗಾದರೆ ನಿನ್ನ ಮೊರ ಇರುವಾಗ ಇನ್ನೊಂದಕ್ಕೆ ಜಾಗವಿಲ್ಲ ತಾಯಿ, ಬೇಸರ ಮಾಡಿಕೊಳ್ಳಬೇಡ ಎಂದಳು. ಆ ಹೊಗಳಿಕೆ ಒಂದು ಗಳಿಗೆ ಬೆಲ್ಲದ ಹಾಗೆ ಇತ್ತು. ಹೊರಗೆ ಬಂದು ಬೇವಿನ ಕೆಳಗೆ ಅಕ್ಕನನ್ನು ಕಂಡಾಗ ಬಾಯಿ ಕಹಿಯಾಯಿತು.

"ಜಾಗಾ ಇಲ್ಲಂತ ಅಕ್ಕಾ," ಎಂದೆ. ಯಾಕೆಂದು ಹೇಳಲಿಲ್ಲ.

ಅಕ್ಕ ಬಾಗಿಲಲ್ಲಿ ಕಾಯುತ್ತಿದ್ದ ಗುಳೆ ಬಂದವರನ್ನು ನೋಡಿದಳು. "ಇರಲಿ ಬಿಡ. ಇವ್ರಿಗೆ ಮನೀನ ಇಲ್ಲ, ನಮಗ ನಿಂದರ ಐತಿ." ಆಮೇಲೆ ನನ್ನ ಮೊರದ ಅಂಚು ಹರಿದದ್ದು ನೆನಪಾಗಿ ತನ್ನದನ್ನು ನನ್ನ ಕೈಗಿಟ್ಟಳು. "ಇದನ್ನ ಒಯ್ಯಿ. ನಿಂದು ಕಾಳು ಚೆಲ್ಲತೈತಿ."

ಆ ಇಡೀ ಸುಗ್ಗಿಯನ್ನು ನಾನು ಅಕ್ಕನ ಮೊರದ ಮೇಲೆ ದುಡಿದೆ.

ಮರುದಿನವೇ ಹೋಗಿ ನಿಜ ಹೇಳಬಹುದಿತ್ತು ಎಂದು ನೀವು ಅನ್ನಬಹುದು. ನನಗೂ ರಾತ್ರಿಯೆಲ್ಲ ಅದೇ. ಆದರೆ ಬೆಳಿಗ್ಗೆ ಹೋಗುವಷ್ಟರಲ್ಲಿ ನನ್ನ ಪಕ್ಕದ ಖಾಲಿ ಜಾಗದಲ್ಲಿ ಮೊಲೆಗೂಸಿನ ತಾಯಿಯೊಬ್ಬಳು ಕೂತಿದ್ದಳು, ನಿಜಾಮನ ಸೀಮೆಯಿಂದ ಬಂದವಳು. ಅವಳ ಹತ್ತಿರ ಮೊರವೂ ಇರಲಿಲ್ಲ. ದ್ಯಾಮಕ್ಕನೇ ಒಂದು ಕೊಟ್ಟಿದ್ದಳು. ಅವಳನ್ನು ಎಬ್ಬಿಸಿ ಎಂದು ಯಾವ ಬಾಯಿಂದ ಹೇಳಲಿ? ಹೀಗೆ ನನ್ನ ಹೇಡಿತನಕ್ಕೆ ಒಂದು ಒಳ್ಳೆಯ ನೆವವೂ ಸಿಕ್ಕಿತು.

ಅಕ್ಕ ಕೈಕಟ್ಟಿ ಕೂಡಲಿಲ್ಲ. ಬೆಳಗಾಗುತ್ತಲೇ ಹೊಂಬಳದ ಹಾದಿಯ ಹೊಲಗಳಿಗೆ ಹಕ್ಕಲು ಆರಿಸಲು ಹೋಗುತ್ತಿದ್ದಳು. ಶೇಂಗಾ ಕಿತ್ತು ಒಯ್ದ ಮೇಲೆ ಮಣ್ಣಿನಲ್ಲಿ ಅಲ್ಲೊಂದು ಇಲ್ಲೊಂದು ಕಾಯಿ ಉಳಿದಿರುತ್ತದಲ್ಲ, ಅದನ್ನು ಕೋಲಿನಿಂದ ಕೆದರಿ ಆರಿಸುವುದು. ಎರೆಮಣ್ಣು ಒಣಗಿ ಕಲ್ಲಾಗಿತ್ತು. ಉಗುರು ಸಂದಿಯಲ್ಲಿ ರಕ್ತ ಕಟ್ಟಿರುತ್ತಿತ್ತು. ಸಂಜೆ ಬಂದು ಭಾವನಿಗೆ ಗಂಜಿ ಕಾಸಿ, ಬಿಸಿ ಬೂದಿಯಲ್ಲಿ ನಾಲ್ಕು ಕಾಯಿ ಸುಟ್ಟು ನನಗೂ ಅತ್ತೆಗೂ ತಂದುಕೊಡುತ್ತಿದ್ದಳು. ನಾನು ವಖಾರಿಯಿಂದ ಹೊಟ್ಟು ತುಂಬಿಕೊಂಡು ಬಂದು ಅವಳ ಒಲೆಯ ಹತ್ತಿರ ಸುರಿಯುತ್ತಿದ್ದೆ. ಅವಳಿಗೆ ನಾನು ಕೊಟ್ಟದ್ದು ಅಷ್ಟೇ: ಉರಿಸಲು ಹೊಟ್ಟು. ಅತ್ತೆ ಕದ್ದು ಕದ್ದು ರೊಟ್ಟಿ ಕೊಡುತ್ತಿದ್ದುದು ನನಗೆ ಗೊತ್ತಿತ್ತು. ಗೊತ್ತಿಲ್ಲದಂತೆ ಇದ್ದೆ, ಅದೊಂದು ನನಗೂ ಸಮಾಧಾನವಾಗಿತ್ತು.

ಚಳಿ ಬಿದ್ದ ಮೇಲೆ ಒಂದು ಸಂತೆಯ ದಿನ, ವಖಾರಿಗೆ ರಜೆ. ಮಧ್ಯಾಹ್ನ ದ್ಯಾಮಕ್ಕ ತಾನೇ ನಮ್ಮ ಮನೆಗೆ ಬಂದಳು. ರೈಲಿನ ಡಬ್ಬಿ ಬಂದಿದೆ, ಮಾಲು ಜಲ್ದಿ ತುಂಬಬೇಕು, ಮೊರದವರೆಲ್ಲ ಬನ್ನಿ ಎಂದು ಮನೆಮನೆಗೆ ಕರೆಯುತ್ತ ಹೊರಟಿದ್ದಳು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಹಿತ್ತಲಿನ ಬಾಗಿಲು ತೆರೆದಿತ್ತು. ಅಲ್ಲಿ ಅಕ್ಕ ಬಗ್ಗಿ ಹೊಟ್ಟಿನ ಒಲೆ ಊದುತ್ತಿದ್ದಳು. ದ್ಯಾಮಕ್ಕ ಒಂದು ಹೊಗೆ ನೋಡಿದಳು, ಇನ್ನೊಂದು ಹೊಗೆ ನೋಡಿದಳು. ನೇರವಾಗಿ ಹಿತ್ತಲಿಗೆ ಹೋದಳು.

"ಯಾರ ಒಲಿನವಾ ಇದು?"

"ನಂದರಿ," ಎಂದಳು ಅಕ್ಕ.

ನನ್ನ ಕೈಯೊಳಗಿನ ಹಿಟ್ಟು ಅಲ್ಲೇ ನಿಂತಿತು. ಈಗ ಹೇಳುತ್ತಾಳೆ, ಈಗ ಬಯಲಾಗುತ್ತದೆ ಎಂದು ಕಾದೆ. ದ್ಯಾಮಕ್ಕ ಅಕ್ಕನ ರಕ್ತಗಟ್ಟಿದ ಉಗುರು ನೋಡಿದಳು. ಹಸನು ಮಾಡಲು ಬರುತ್ತದೇನು ಎಂದು ಕೇಳಿದಳು. ಬರುತ್ತದೆ, ಜಾಗ ಇಲ್ಲವೆಂದರಂತಲ್ಲ ಎಂದಳು ಅಕ್ಕ.

"ಇಲ್ಲೆ ಇಲ್ಲ. ಲಕ್ಷ್ಮೇಶ್ವರದಾಗ ಐತಿ. ನಮ್ಮ ಪೈಕಿ ಒಬ್ಬರ ವಖಾರಿ, ಹೆಣ್ಣಾಳು ಸಾಲವಲ್ವು. ನಾಳೆ ಬಂಡಿ ಹೊಂಟೈತಿ, ನಿನ್ನ ಗಂಡನ್ನ ಮಲಗಿಸಿಕೊಂಡ ಹೋಗಬಹುದು. ನನ್ನ ಹೆಸರು ಹೇಳು. ಇರಾಕ ಒಂದು ಖೋಲಿನೂ ಕೊಡ್ತಾರ."

ಅಕ್ಕ ಅಲ್ಲೇ ಅವಳ ಕಾಲು ಮುಟ್ಟಲು ಬಗ್ಗಿದಳು. ದ್ಯಾಮಕ್ಕ ಹಿಂದೆ ಸರಿದು, ಮೊದಲು ಒಲೆ ನೋಡು, ಗಂಜಿ ಉಕ್ಕುತ್ತದೆ ಎಂದಳು. ಹೊರಡುವಾಗ ಮುಂಬಾಗಿಲಲ್ಲಿ ನನಗೊಬ್ಬಳಿಗೇ ಕೇಳುವಂತೆ ಹೇಳಿದಳು:

"ನಾ ಕೇಳಿದ್ದು ಒಲಿ ನೀಲವ್ವಾ. ನೀ ಹೇಳಿದ್ದು ನಿನ್ನ ಮಾನದ ಮಾತು."

ಮರುದಿನ ಬಂಡಿ ಬಂತು. ಭಾವನನ್ನು ಹುಲ್ಲಿನ ಮೇಲೆ ಮಲಗಿಸಿದರು. ಎಲುಬು ಕೂಡಿಕೊಂಡಿದೆ, ಇನ್ನು ಕಟ್ಟು ಬಿಚ್ಚುವುದೊಂದೇ ಬಾಕಿ ಎಂದು ಕಟ್ಟುವವರು ಒಪ್ಪಿಗೆ ಕೊಟ್ಟಿದ್ದರು. ಅಕ್ಕ ತನ್ನ ಮೊರ ಕೇಳಲಿಲ್ಲ. ಇರಲಿ, ಸುಗ್ಗಿ ಇನ್ನೂ ಐತಲ್ಲ ಎಂದಳು. ಬಂಡಿ ಓಣಿ ದಾಟಿದ ಮೇಲೆ ನಾನು ಹಿತ್ತಲಿಗೆ ಹೋಗಿ ಆ ಮೂರು ಕಲ್ಲುಗಳನ್ನು ಎತ್ತಿ ಗೋಡೆಯಾಚೆ ಹಾಕಿದೆ. ಮನಸ್ಸು ಹಗುರವಾಯಿತು ಎಂದುಕೊಂಡೆ. ಅಕ್ಕನಿಗೆ ಕೆಲಸ ಸಿಕ್ಕಿದ ಸಮಾಧಾನ ಖರೆಯದೇ ಇತ್ತು. ಆದರೆ ಕಲ್ಲಿದ್ದ ಜಾಗದ ಕರಿ ಮಾತ್ರ ಎಷ್ಟು ಸಾರಿಸಿದರೂ ಹೋಗಲಿಲ್ಲ.

ಲಕ್ಷ್ಮೇಶ್ವರ ಆಗಿನ್ನೂ ಸಂಸ್ಥಾನದ ಊರು. ಹಾದಿಯಲ್ಲಿ ನಾಕಾ, ತಪಾಸಣೆ. ಆಮೇಲೆ ಸಂಸ್ಥಾನಗಳು ಹೋದವು, ಮುಂಡರಗಿಯ ಆಚೆಯ ಗದ್ದಲವೂ ಅಡಗಿತು, ನನ್ನ ಪಕ್ಕ ಕೂತಿದ್ದ ಕೂಸಿನ ತಾಯಿ ತನ್ನ ಊರಿಗೆ ಮರಳಿದಳು. ಅಕ್ಕ ಮಾತ್ರ ಲಕ್ಷ್ಮೇಶ್ವರದಲ್ಲೇ ಉಳಿದಳು. ಭಾವ ಕುಂಟುತ್ತಲೇ ಅದೇ ವಖಾರಿಯ ಕಾವಲಿಗೆ ನಿಂತರು. ಕೆಲವು ವರ್ಷಗಳಲ್ಲಿ ಅಕ್ಕನೇ ಅಲ್ಲಿ ಮುಕಾದಮಳಾದಳು. ಹಬ್ಬಕ್ಕೆ, ಮದುವೆಗೆ ಸಿಗುತ್ತಿದ್ದೆವು. ಪ್ರತಿಸಲವೂ ಇವತ್ತು ಹೇಳಬೇಕು ಎಂದುಕೊಂಡು ಹೋಗಿ, ಹೋಳಿಗೆ ಉಂಡು ಬರುತ್ತಿದ್ದೆ. ದ್ಯಾಮಕ್ಕ ಅವಳಿಗೆ ಹೇಳಿದ್ದಾಳೋ ಇಲ್ಲವೋ ಎಂದು ಅಕ್ಕನ ಮುಖದಲ್ಲಿ ಹುಡುಕುತ್ತಿದ್ದೆ. ಏನೂ ಸಿಗುತ್ತಿರಲಿಲ್ಲ.

ಕನ್ನಡ ನಾಡು ಒಂದಾದ ವರ್ಷ ನನ್ನ ಸರದಿ ಬಂತು. ಗಂಡನ ಗಿರಣಿ ಮುಚ್ಚಿತ್ತು. ದ್ಯಾಮಕ್ಕ ತೀರಿಕೊಂಡಿದ್ದಳು, ಅವಳ ಜಾಗಕ್ಕೆ ಬಂದವರು ತಮ್ಮವರನ್ನೇ ತುಂಬಿಕೊಂಡಿದ್ದರು. ಅತ್ತೆ ಹೋದ ಮೇಲೆ ಮೈದುನ ಬೇರೆಯಾಗಿ, ನಮ್ಮ ಪಾಲಿಗೆ ಮನೆಯ ಅರ್ಧ ಮಾತ್ರ ಉಳಿದಿತ್ತು. ಯಾರೋ ಹೋಗಿ ಅಕ್ಕನಿಗೆ ಹೇಳಿದರೆಂದು ಕಾಣುತ್ತದೆ. ಲಕ್ಷ್ಮೇಶ್ವರದ ಮೋಟಾರು ಬಸ್ಸಿನಲ್ಲಿ ಬಂದ ಒಬ್ಬರು ಬಾಗಿಲಲ್ಲಿ ನಿಂತು ಅವಳ ಮಾತು ಮುಟ್ಟಿಸಿ ಹೋದರು: ಸುಗ್ಗಿ ಸುರುವಾಗಿದೆ, ನೀಲಿಗೆ ಮೊರ ತಗೊಂಡು ಬಾ ಅಂದಿದ್ದಾಳೆ.

ನನ್ನ ಮನೆಯಲ್ಲಿದ್ದ ಮೊರ ಒಂದೇ. ಅವಳದು. ಮೆಂತ್ಯ ನೆನೆಸಿ, ಅರೆದು, ಬಳಿದು, ಒಣಗಿಸಿದೆ.

ಮುಂದೆ ಆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಕಡೆಗೆ ಬಾಗಿಲಲ್ಲಿ ನಾನು ಆಡಿದ ಒಂದು ಮಾತೇ ಉಳಿಯಲಿ.

ಅಂದು ಲಕ್ಷ್ಮೇಶ್ವರದ ವಖಾರಿಯಲ್ಲಿ ಅಕ್ಕ ನಾನು ತಂದ ಮೊರ ತೆಗೆದುಕೊಂಡು ಬಾಗಿಲ ಹತ್ತಿರ, ಒಳ್ಳೆಯ ಬೆಳಕು ಬೀಳುವ ಜಾಗದಲ್ಲಿ ಕವುಚಿ ಇಟ್ಟಳು. ಕಾಳು ಸುರಿದುಕೊಂಡು ಕೂತ ನನಗೆ ಅಳು ನಿಲ್ಲಲಿಲ್ಲ. "ಶೇಂಗಾಕ್ಕ ನೀರು ಬಿದ್ರ ಬೂಸ್ಟ ಹಿಡೀತೈತಿ, ಅತ್ತ ಕುಂತು ಅಳವಾ," ಎಂದಳು. ಸಾಲಿನವರೆಲ್ಲ ನಕ್ಕರು, ನಾನೂ ನಕ್ಕೆ. ಮಧ್ಯಾಹ್ನ ತನ್ನ ಬುತ್ತಿ ಬಿಚ್ಚಿ, ರೊಟ್ಟಿ ಮುರಿದು, ಅರ್ಧ ನನ್ನ ಕೈಗೆ ಹಾಕಿದಳು. ಆಗ ಹೇಳಿದಳು, ನಾನು ಬೆಟಗೇರಿಯಲ್ಲಿ ಸುಳ್ಳು ಹೇಳಿದ್ದು ತನಗೆ ಆ ದಿನವೇ ತಿಳಿದಿತ್ತಂತೆ. ದ್ಯಾಮಕ್ಕ ಹೇಳಲಿಲ್ಲ, ಬೇವಿನ ಕೆಳಗೆ ಬಂದಾಗ ನನ್ನ ಮುಖವೇ ಹೇಳಿತ್ತಂತೆ. ಹಾಗಿದ್ದರೆ ಯಾಕೆ ಕೇಳಲಿಲ್ಲ ಎಂದೆ. "ಕೇಳಿದ್ರ ನೀ ಇನ್ನೊಂದು ಸುಳ್ಳು ಹೇಳ್ತಿದ್ದಿ. ಒಂದ ಸಾಕಂತ ಬಿಟ್ಟೆ." ಆ ಸುಗ್ಗಿ ಮುಗಿಯುವತನಕ ಅವಳ ಮನೆಯಲ್ಲೇ ಇದ್ದೆ, ಅವಳ ಒಲೆಯ ಮೇಲೆ ಉಂಡೆ. ಅಷ್ಟು ಗಾಢವಾದ ನಿದ್ದೆ ನಾನು ಎಷ್ಟೋ ವರ್ಷ ಕಂಡಿರಲಿಲ್ಲ.

ಇನ್ನು ಬಾಗಿಲ ಮಾತು. ಊರಲ್ಲಿ ತೋರಣ ಇನ್ನೂ ಬಾಡಿರಲಿಲ್ಲ. ನಾಡು ಒಂದಾದ ಖುಷಿಗೆ ಹಂಚಿದ ಪೇಢೆಯ ಸಿಹಿಯೇ ಜನರ ಮಾತಿನಲ್ಲೂ ಇತ್ತು. ಇನ್ನು ಮುಂದೆ ನಾವು ನೀವು ಒಂದೇ ಎಂದು ಮೋಟಾರಿನಲ್ಲಿ ಗುರುತಿಲ್ಲದವರೂ ಮಾತಾಡಿಸಿದ್ದರು. ವಖಾರಿಯ ಹೊಸ್ತಿಲ ಮೇಲೆ ಅಕ್ಕ ಕೂತಿದ್ದಳು, ತಲೆ ಅರ್ಧ ನರೆತಿತ್ತು. ದ್ಯಾಮಕ್ಕನ ಕಟ್ಟನ್ನು ಇವಳು ಇಲ್ಲಿಯೂ ನಡೆಸಿದ್ದಳು. ನನ್ನ ಮುಂದಿದ್ದ ಶಿರಹಟ್ಟಿಯ ಕಡೆಯ ಹೆಂಗಸು, ಮನೆಯಲ್ಲಿ ನಾವಿಬ್ಬರು ಸೊಸೆಯಂದಿರು, ಒಲೆ ಮಾತ್ರ ಒಂದೇ ಎಂದಳು. "ಒಂದ ಒಲಿ ಮ್ಯಾಲ ಇಬ್ಬರು ಸೊಸ್ತ್ಯಾರು? ನಿಮ್ಮತ್ತಿಗಿ ನಾ ಕೈ ಮುಗದೆ ಅಂತ ಹೇಳ," ಎಂದು ಅಕ್ಕ ಅವಳೊಬ್ಬಳ ಮೊರ ತೆಗೆದುಕೊಂಡಳು. ನನ್ನ ಸರದಿ ಬಂತು. ತಂಗಿ ಎಂದು ಹಾಗೇ ಒಳಗೆ ಬಿಡಲಿಲ್ಲ. ಎಲ್ಲರೂ ನೋಡುತ್ತಿದ್ದರು. ಅಕ್ಕ ಮೊದಲು ಮೊರ ನೋಡಿದಳು, ಅದರ ಅಂಚಿನ ಮೇಲೆ ಬೆರಳಾಡಿಸಿದಳು. ಆಮೇಲೆ ನನ್ನನ್ನು ನೋಡಿದಳು.

"ಮನಿಯೊಳಗ ಎಷ್ಟು ಒಲಿ ಅದಾವಬೇ?"

ಈಗಿನದನ್ನು ಹೇಳಿದ್ದರೆ ಆಗುತ್ತಿತ್ತು. ಒಂದೇ ಇತ್ತು, ಖರೆಯೂ ಆಗುತ್ತಿತ್ತು. ಆದರೆ ಆ ಪ್ರಶ್ನೆ ನನಗೆ ಬೆಟಗೇರಿಯ ಬಾಗಿಲಿನಿಂದಲೇ ಬಂದಂತೆ ಕೇಳಿಸಿತು. ಮೊರವನ್ನು ಅವಳ ಮುಂದಿಟ್ಟೆ. ಸಾಲಿನ ಕಡೆಯವಳಿಗೂ ಕೇಳುವಂತೆ ಹೇಳಿದೆ.

"ಆವತ್ತ ಎರಡಿದ್ದವು ಅಕ್ಕಾ. ಎರಡನೇದು ನಿಂದು, ಅದನ್ನ ಹಿತ್ತಲದಾಗ ಹೂಡಿಸಿದಾಕಿನೂ ನಾನ. ನನ್ನ ಮಾನ ಹೋಗ್ತೈತಂತ ಮಂದಿ ಮುಂದ ಒಂದ ಐತಿ ಅಂದೆ, ನಿನ್ನ ಮೊರಕ್ಕ ಜಾಗಾ ತಪ್ಪಿಸಿದೆ. ನಂದು ತಪ್ಪಾತು ಅಕ್ಕಾ, ಹೊಟ್ಟ್ಯಾಗ ಹಾಕ್ಕೋ."